ಕೊಲೆಯೇ ಆಗದ ಪತ್ತೇದಾರಿ ಕಾದಂಬರಿ: ಡೊರೊತಿ ಸೇಯರ್ಸ್ ಅವರ ‘ಗಾಡಿ ನೈಟ್’

ಸುಮಾರು ಐನೂರು ಪುಟ, ಇಪ್ಪತ್ತಮೂರು ಅಧ್ಯಾಯ, ಒಂದೂ ಕೊಲೆ ಇಲ್ಲ. 1935ರಲ್ಲಿ ಲಂಡನ್ನಿನ ಗೊಲಾಂಜ್ ಪ್ರಕಾಶನ ಹೊರತಂದ ‘ಗಾಡಿ ನೈಟ್’ ಬಗ್ಗೆ ಮೊದಲು ಹೇಳಬೇಕಾದ ಮಾತು ಇದೇ. ಮೊದಲ ಅಧ್ಯಾಯದಲ್ಲಿ ಹೆಣ, ಎರಡನೆಯದರಲ್ಲಿ ಇನ್‌ಸ್ಪೆಕ್ಟರ್, ಕೊನೆಯಲ್ಲಿ ಕೈಕೋಳ ಎಂದುಕೊಂಡು ಕೂತವರು ನೂರನೇ ಪುಟದ ಹೊತ್ತಿಗೆ ಪುಸ್ತಕ ಕೆಳಗಿಡುತ್ತಾರೆ. ಹಾಗಾಗಬಾರದು. ವಿಶ್ವವಿದ್ಯಾಲಯದ ಕಾಲೇಜಿನೊಳಗೆ ನಡೆಯುವ ಪತ್ತೇದಾರಿ ಕಾದಂಬರಿಗಳಲ್ಲಿ ಇದಕ್ಕಿಂತ ಚುರುಕಾದವು ಇವೆ, ಇದಕ್ಕಿಂತ ಬಿಗಿಯಾದವೂ ಇವೆ. ಆದರೆ ವಿದ್ವತ್ತಿನ ಬದುಕನ್ನೇ ಅಪರಾಧದ ಬೇರಾಗಿಸಿ, ಅಲ್ಲಿಂದಲೇ ಇಡೀ ಕಥೆ ಚಿಗುರುವಂತೆ ಮಾಡಿದ ಕಾದಂಬರಿಗಳಲ್ಲಿ ಇದರ ಎತ್ತರಕ್ಕೆ ನಿಲ್ಲುವುದು ಮತ್ತೊಂದಿಲ್ಲ. ಮುಂದೆ ಓದುವವರು ನಿಶ್ಚಿಂತೆಯಿಂದಿರಬಹುದು: ಅಪರಾಧಿ ಯಾರೆಂಬುದು ಈ ಬರಹದಲ್ಲಿ ಎಲ್ಲೂ ಬರುವುದಿಲ್ಲ.

ಕಥೆ ನಡೆಯುವುದು ಆಕ್ಸ್‌ಫರ್ಡಿನ ಶ್ರೂಸ್‌ಬರಿ ಎಂಬ ಮಹಿಳಾ ಕಾಲೇಜಿನಲ್ಲಿ. ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದು ಲೇಖಕಿ ಸೇಯರ್ಸ್ ಕಲ್ಪನೆಯಲ್ಲಿ ಕಟ್ಟಿದ ಕಾಲೇಜು, ಕಟ್ಟಿದ್ದು ಬೇಲಿಯಲ್ ಕಾಲೇಜಿನ ಕ್ರಿಕೆಟ್ ಮೈದಾನದ ಮೇಲೆ. ಅದಕ್ಕಾಗಿ ಪುಸ್ತಕದ ಆರಂಭದಲ್ಲೇ ಅವರು ಬೇಲಿಯಲ್‌ನ ಕ್ಷಮೆಯನ್ನೂ ಕೇಳಿದ್ದಾರೆ. ಉಳಿದದ್ದೆಲ್ಲ ನಿಜವಾದ ಆಕ್ಸ್‌ಫರ್ಡ್: ಬೋಡ್ಲಿಯನ್ ಗ್ರಂಥಾಲಯ, ರ್‍ಯಾಡ್‌ಕ್ಲಿಫ್ ಕ್ಯಾಮೆರಾ ಎಂಬ ಕಟ್ಟಡ, ಚರ್‌ವೆಲ್ ನದಿ, ನ್ಯೂ ಕಾಲೇಜ್ ಓಣಿ. ಈ ಊರನ್ನು ಸೇಯರ್ಸ್ ಹೊರಗಿನಿಂದ ನೋಡಿ ಬರೆದವರಲ್ಲ. 1893ರಲ್ಲಿ ಅಲ್ಲೇ ಹುಟ್ಟಿದವರು, 1912ರಿಂದ 1915ರವರೆಗೆ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವರು. ಪಾಸಾದರೂ ಪದವಿ ಸಿಗಲಿಲ್ಲ, ಆಗ ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡುತ್ತಲೇ ಇರಲಿಲ್ಲ. 1920ರಲ್ಲಿ ನಿಯಮ ಬದಲಾದಾಗ ಪದವಿ ಪಡೆದ ಮೊದಲ ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು.

ಈ ಇತಿಹಾಸವನ್ನು ಇಲ್ಲಿ ಸುಮ್ಮನೆ ಹೇಳಿದ್ದಲ್ಲ. ಕಥೆಯ ಮೊದಲ ಗಂಟೇ ಅದರಲ್ಲಿದೆ.

ಹ್ಯಾರಿಯೆಟ್ ವೇನ್ ಮೂವತ್ತು ದಾಟಿದ ಪತ್ತೇದಾರಿ ಕಾದಂಬರಿಕಾರ್ತಿ. ಹಿಂದೊಮ್ಮೆ ಪ್ರಿಯಕರನಿಗೆ ವಿಷ ಹಾಕಿದಳೆಂಬ ಆರೋಪದ ಮೇಲೆ ಕಟಕಟೆಯಲ್ಲಿ ನಿಂತು, ನಿರ್ದೋಷಿ ಎಂದು ಸಾಬೀತಾಗಿ ಹೊರಬಂದವಳು. ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ, ಆಕ್ಸ್‌ಫರ್ಡಿನವರು ‘ಗಾಡಿ’ ಎಂದು ಕರೆಯುವ ಸಮಾರಂಭಕ್ಕೆ, ವರ್ಷಗಳ ನಂತರ ಕಾಲೇಜಿಗೆ ಬರುತ್ತಾಳೆ. ಅಂಗಳದಲ್ಲಿ ಅಶ್ಲೀಲ ಚಿತ್ರ ಬರೆದ ಒಂದು ಹಾಳೆ ಸಿಗುತ್ತದೆ. ಆಮೇಲೆ ತನ್ನ ಗೌನಿನ ತೋಳಿನಲ್ಲಿ, ತನ್ನನ್ನೇ ಕೊಲೆಗಾತಿ ಎಂದು ಜರಿಯುವ ಒಂದು ಚೀಟಿ. ತನ್ನ ಮೇಲಿನ ಹಳೇ ಅಪವಾದದ ಮುಂದುವರಿಕೆ ಎಂದುಕೊಂಡು ಸುಮ್ಮನಾಗುತ್ತಾಳೆ. ತಿಂಗಳುಗಳು ಕಳೆದ ಮೇಲೆ ಡೀನ್ ಮಿಸ್ ಮಾರ್ಟಿನ್ ಅವರಿಂದ ಪತ್ರ ಬರುತ್ತದೆ: ಕಾಲೇಜಿನಲ್ಲಿ ಅನಾಮಧೇಯ ಪತ್ರಗಳ ಕಾಟ, ವಸ್ತುಗಳ ನಾಶ, ಮಿಸ್ ಲಿಡ್ಗೇಟ್ ಎಂಬ ಹಿರಿಯ ಅಧ್ಯಾಪಕಿ ವರ್ಷಗಟ್ಟಲೆ ಕೂತು ಬರೆದ ಇಂಗ್ಲಿಷ್ ಛಂದಸ್ಸಿನ ಗ್ರಂಥದ ಕರಡಚ್ಚು ಹರಿದು ಹಾಳು. ನೀನು ಬರಬೇಕು.

ಪೊಲೀಸರನ್ನೇಕೆ ಕರೆಯಲಿಲ್ಲ? ಪತ್ತೇದಾರಿ ಕಥೆಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಜೊಳ್ಳು ಉತ್ತರ ಸಿಗುತ್ತದೆ: ಹಿಮ ಬಿದ್ದು ದಾರಿ ಮುಚ್ಚಿತ್ತು, ಫೋನ್ ತಂತಿ ಕತ್ತರಿಸಿತ್ತು. ಇಲ್ಲಿನ ಉತ್ತರ ಗಟ್ಟಿಯಾದದ್ದು. ಪದವಿ ಕೊಡಲು ಆರಂಭಿಸಿ ಏಳೇ ವರ್ಷಕ್ಕೆ, 1927ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಹೆಣ್ಣು ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಆ ಮಿತಿ ತೆಗೆದದ್ದು 1957ರಲ್ಲಿ. ಕೇಂಬ್ರಿಜ್ ಅಂತೂ 1948ರವರೆಗೆ ಪೂರ್ಣ ಪದವಿಯನ್ನೇ ಕೊಡಲಿಲ್ಲ. ‘ಮದುವೆಯಾಗದ, ಓದಿದ ಹೆಂಗಸರೆಲ್ಲ ಒಂದು ಕಡೆ ಸೇರಿದರೆ ತಲೆ ಕೆಡುತ್ತದೆ’ ಎಂದು ಹೇಳಲು ಪತ್ರಿಕೆಗಳು ಕಾದಿದ್ದ ಕಾಲ. ಸುದ್ದಿ ಗೇಟು ದಾಟಿದರೆ ಕಾಲೇಜು ಮಾತ್ರವಲ್ಲ, ಹೆಣ್ಣುಮಕ್ಕಳ ಉನ್ನತ ಶಿಕ್ಷಣವೇ ನಗೆಪಾಟಲು. ಅಪರಾಧಿಗೆ ಇದು ಗೊತ್ತು. ಅಧ್ಯಾಪಕಿಯರ ಬಾಯಿ ಕಟ್ಟಿರುವುದೇ ಅಪರಾಧಿಯ ಬಲ. ಹಾಗಾಗಿ ಹ್ಯಾರಿಯೆಟ್ ಒಂದು ನೆಪ ಇಟ್ಟುಕೊಂಡು ಕಾಲೇಜಿಗೆ ಬರುತ್ತಾಳೆ. ಹೊರಗಿನವರ ಕಣ್ಣಿಗೆ ಮಿಸ್ ಲಿಡ್ಗೇಟ್ ಅವರ ಕರಡಚ್ಚು ಸರಿಪಡಿಸಲು ನೆರವಾಗುವುದು, ಜೊತೆಗೆ ಶೆರಿಡನ್ ಲೆ ಫನು ಎಂಬ ಹತ್ತೊಂಬತ್ತನೇ ಶತಮಾನದ ಲೇಖಕನ ಮೇಲೆ ಸಂಶೋಧನೆ. ಒಳಗೆ ಪತ್ತೆ ಕೆಲಸ.

ಪತ್ತೆಯ ಯಂತ್ರ ಹೇಗೆ ಓಡುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಬಹಳ ಓದುಗರು ಎಡವುವುದು ಇಲ್ಲೇ. ಕಾಲೇಜಿನಲ್ಲಿ ಇರುವವರು ಮೂರು ಗುಂಪು: ಸೀನಿಯರ್ ಕಾಮನ್ ರೂಮ್ ಎಂಬ ಹಿರಿಯರ ಕೊಠಡಿಗೆ ಸೇರಿದ ಅಧ್ಯಾಪಕಿಯರು ಮತ್ತು ಆಡಳಿತದವರು, ವಿದ್ಯಾರ್ಥಿನಿಯರು, ಕೋಣೆ ನೋಡಿಕೊಳ್ಳುವ ‘ಸ್ಕೌಟ್’ಗಳೆಂಬ ಕೆಲಸದವರು. ಹ್ಯಾರಿಯೆಟ್ ಬಿಡಿ ಹಾಳೆಗಳ ಒಂದು ಕಡತ ಮಾಡಿಕೊಂಡು ಪ್ರತಿ ಘಟನೆಯನ್ನೂ ದಿನಾಂಕವಾರು ಬರೆಯುತ್ತಾ ಹೋಗುತ್ತಾಳೆ. ಯಾವ ರಾತ್ರಿ, ಎಷ್ಟು ಹೊತ್ತಿಗೆ, ಯಾವ ಕಟ್ಟಡದಲ್ಲಿ, ಯಾರು ಎಲ್ಲಿದ್ದರು, ಯಾವ ಬಾಗಿಲಿಗೆ ಬೀಗ ಇತ್ತು, ಕೀಲಿ ಯಾರ ಬಳಿ. ಆಮೇಲೆ ಒಬ್ಬೊಬ್ಬರನ್ನಾಗಿ ಪಟ್ಟಿಯಿಂದ ಹೊಡೆದು ಹಾಕುವ ಕೆಲಸ. ಪ್ರಾರ್ಥನಾ ಮಂದಿರದಲ್ಲಿ ಚೂರಿ ಚುಚ್ಚಿ ನೇತುಹಾಕಿದ ಹೆಣ್ಣು ಬೊಂಬೆಯೊಂದು ಸಿಕ್ಕಾಗ, ಅದರ ಜೊತೆಗೆ ವರ್ಜಿಲನ ‘ಈನಿಯಡ್’ ಮಹಾಕಾವ್ಯದಿಂದ, ಹಾರ್ಪಿ ಎಂಬ ರಕ್ಕಸಪಕ್ಷಿಗಳನ್ನು ಕುರಿತ ಲ್ಯಾಟಿನ್ ಸಾಲುಗಳು ಇರುತ್ತವೆ. ಹಾಗಾದರೆ ಲ್ಯಾಟಿನ್ ಬರುವವರು ಯಾರು?

ಇಲ್ಲಿ ಓದುಗರು ಮಾಡಬೇಕಾದ ಕೆಲಸ ಒಂದಿದೆ, ಮಾಡಿದರೆ ಪುಸ್ತಕದ ರುಚಿಯೇ ಬೇರೆ. ಒಂದು ಹಾಳೆಯನ್ನು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಪಟ್ಟಿಯಿಂದ ಬಿಟ್ಟವರ ಹೆಸರು, ಎರಡನೆಯದರಲ್ಲಿ ಬಿಟ್ಟದ್ದು ಯಾವ ಆಧಾರದ ಮೇಲೆ, ಮೂರನೆಯದರಲ್ಲಿ ಆ ಆಧಾರ ಯಾವ ಬಗೆಯದು: ಕಣ್ಣಾರೆ ಕಂಡ ಸಾಕ್ಷಿಯೇ, ಬೀಗ ಮತ್ತು ಕೀಲಿಯೇ, ಅಥವಾ ‘ಅವರು ಅಂಥವರಲ್ಲ’, ‘ಅಂಥವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು’ ಎಂಬ ಊಹೆಯೇ. ನೂರೈವತ್ತು ಪುಟದ ಹೊತ್ತಿಗೆ ಮೂರನೇ ಕಾಲಂ ನೋಡಿಕೊಂಡರೆ ಎಷ್ಟು ಹೆಸರು ಬರೀ ಊಹೆಯ ಮೇಲೆ ಬಿಟ್ಟುಹೋಗಿವೆ ಎಂದು ಗೊತ್ತಾಗುತ್ತದೆ. ಸೇಯರ್ಸ್ ಎಲ್ಲೂ ಮೋಸ ಮಾಡುವುದಿಲ್ಲ. 1930ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಪತ್ತೇದಾರಿ ಲೇಖಕರ ಡಿಟೆಕ್ಷನ್ ಕ್ಲಬ್ಬಿನ ಸ್ಥಾಪಕ ಸದಸ್ಯರಲ್ಲಿ ಅವರೂ ಒಬ್ಬರು, ಓದುಗರಿಂದ ಸುಳಿವು ಮುಚ್ಚಿಡುವುದಿಲ್ಲ ಎಂದು ಪ್ರಮಾಣ ಮಾಡಿದ ಬಳಗ ಅದು. ಸುಳಿವುಗಳೆಲ್ಲ ಕಣ್ಣಮುಂದೆಯೇ ಇವೆ. ಅವು ಅಡಗಿರುವುದು ಹ್ಯಾರಿಯೆಟ್‌ಳ ಪೂರ್ವಗ್ರಹದ ಹಿಂದೆ, ಅವಳ ಜೊತೆ ಓದುವ ನಮ್ಮ ಪೂರ್ವಗ್ರಹದ ಹಿಂದೆ.

ಯಾವ ಪೂರ್ವಗ್ರಹ? ಓದುವುದಕ್ಕಾಗಿ ಸಂಸಾರ ಬಿಟ್ಟ ಹೆಂಗಸು ಒಂದಲ್ಲ ಒಂದು ದಿನ ಹುಚ್ಚಿಯಾಗುತ್ತಾಳೆ ಎನ್ನುವುದು. ಹೊರಗಿನವರು ಹೇಳುವ ಈ ಮಾತನ್ನು ಹ್ಯಾರಿಯೆಟ್ ಕೂಡ ಒಳಗೊಳಗೇ ನಂಬುತ್ತಾಳೆ. ಕಾಲೇಜಿಗೆ ಮರಳಿ ಬಂದು ಪುಸ್ತಕಗಳ ನಡುವೆ ನೆಮ್ಮದಿಯಾಗಿರಬೇಕು ಎಂಬ ಆಸೆ ಒಂದು ಕಡೆ, ಹಾಗಿದ್ದರೆ ತನಗೂ ಇದೇ ಗತಿಯೇ ಎಂಬ ಅಂಜಿಕೆ ಇನ್ನೊಂದು ಕಡೆ. ಆ ಅಂಜಿಕೆಯಿಂದಲೇ ಅವಳಿಗೆ ಪ್ರತಿ ಅಧ್ಯಾಪಕಿಯ ಮುಖದಲ್ಲೂ ವಿಕಾರ ಕಾಣುತ್ತದೆ. ಸುಳಿವುಗಳನ್ನು ಶ್ರದ್ಧೆಯಿಂದ ಕೂಡಿಸುವ ಪತ್ತೇದಾರಿಣಿ ಅವುಗಳನ್ನು ತಪ್ಪಾಗಿ ಜೋಡಿಸುವುದು ಬುದ್ಧಿ ಸಾಲದೆ ಅಲ್ಲ, ತನ್ನ ಬದುಕಿನ ಒಂದು ಪ್ರಶ್ನೆಗೆ ಉತ್ತರ ಸಿಗದೆ. ಈ ಕಾದಂಬರಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಒಗಟು ಬಿಡಿಸುವುದು ಮತ್ತು ಹ್ಯಾರಿಯೆಟ್ ತನ್ನ ದಾರಿ ಕಂಡುಕೊಳ್ಳುವುದು ಎರಡು ಬೇರೆ ಕೆಲಸಗಳಲ್ಲ.

ಅದಕ್ಕೇ ಮೊದಲ ಮೂರು ಅಧ್ಯಾಯಗಳನ್ನು ಹಾರಿಸಬೇಡಿ. ಕೂಟದ ಊಟ, ಭಾಷಣ, ಹಳೇ ಗೆಳತಿಯರ ಹರಟೆ, ಅಪರಾಧ ಹೆಸರಿಗಷ್ಟೇ. ಆದರೆ ಇಡೀ ಪುಸ್ತಕದ ಪ್ರಶ್ನೆಪತ್ರಿಕೆ ಅಲ್ಲೇ ಇದೆ. ಕಾಲೇಜಿನಲ್ಲಿ ಪ್ರತಿಭಾವಂತೆ ಎನಿಸಿದ್ದ ಕ್ಯಾಥರೀನ್ ರೈತನನ್ನು ಮದುವೆಯಾಗಿ ಹೊಲದ ದುಡಿಮೆಯಲ್ಲಿ ಸವೆದುಹೋಗಿದ್ದಾಳೆ. ಇತಿಹಾಸ ಓದಿದ ಫೀಬಿ ಟಕರ್ ಪುರಾತತ್ವಶಾಸ್ತ್ರಜ್ಞನನ್ನು ಮದುವೆಯಾಗಿ, ಅವನ ಜೊತೆಗೇ ಉತ್ಖನನ ಮಾಡುತ್ತಾ ಖುಷಿಯಾಗಿದ್ದಾಳೆ. ಒಂದು ಕಾಲದ ಆಪ್ತ ಗೆಳತಿಯ ಜೊತೆ ಈಗ ಆಡಲು ಮಾತೇ ಉಳಿದಿಲ್ಲ. ತನ್ನದಾದ ಕೆಲಸ ಯಾವುದು, ಅದನ್ನು ಬಿಟ್ಟುಕೊಟ್ಟರೆ ಏನಾಗುತ್ತದೆ, ಯಾರಿಗಾಗಿ ಬಿಟ್ಟುಕೊಡಬಹುದು ಎಂಬ ಪ್ರಶ್ನೆ ಮುಂದೆ ಪ್ರತಿ ಪಾತ್ರದ ಮುಂದೂ ಬಂದು ನಿಲ್ಲುತ್ತದೆ. ರಾತ್ರಿ ಗೋಡೆ ಹಾರಿ ಸಿಕ್ಕಿಬೀಳುವ ವಿದ್ಯಾರ್ಥಿನಿ ಮಿಸ್ ಕ್ಯಾಟರ್‌ಮೋಲ್‌ಗೆ ಓದು ಬೇಕಾಗಿಯೇ ಇರಲಿಲ್ಲ, ಅಡುಗೆಯನ್ನೋ ನರ್ಸಿಂಗನ್ನೋ ಕಲಿಯಬೇಕೆಂಬುದು ಅವಳಾಸೆ. ಹೆಣ್ಣುಮಕ್ಕಳಿಗೆ ಸಿಕ್ಕ ಅವಕಾಶ ತಪ್ಪಬಾರದೆಂದು ಹೆತ್ತವರು ತಂದು ಸೇರಿಸಿದ್ದಾರೆ. ಕಥೆಯ ಓಟಕ್ಕೆ ಈ ಪಾತ್ರ ಅಡ್ಡದಾರಿ, ವಿಚಾರಕ್ಕೆ ನೇರ ದಾರಿ.

ಹಾಗೆಂದು ಪುಸ್ತಕದಲ್ಲಿ ಬರೀ ವಿಚಾರ ತುಂಬಿದೆ ಎಂದುಕೊಳ್ಳಬೇಡಿ. ಫ್ಯೂಸ್ ಕಿತ್ತ ರಾತ್ರಿಯ ಪ್ರಸಂಗ ಓದಿ ನೋಡಿ. ಒಂದು ಕಟ್ಟಡದ ದೀಪ ಇದ್ದಕ್ಕಿದ್ದಂತೆ ಆರುತ್ತದೆ. ಎಲ್ಲರೂ ಅತ್ತ ಓಡುತ್ತಾರೆ. ಅಷ್ಟರಲ್ಲಿ ಇನ್ನೊಂದು ಕಟ್ಟಡ ಕತ್ತಲು, ಗಾಜು ಒಡೆದ ಸದ್ದು. ಕತ್ತಲಲ್ಲಿ ಯಾರು ಯಾರನ್ನು ಹಿಡಿದರೂ ಹಿಡಿದದ್ದು ತಮ್ಮವರನ್ನೇ. ಅಂಗಳಗಳ ಜೋಡಣೆ, ಫ್ಯೂಸ್ ಪೆಟ್ಟಿಗೆಗಳಿರುವ ಜಾಗ, ಒಂದರಿಂದ ಇನ್ನೊಂದಕ್ಕೆ ಓಡಲು ಬೇಕಾದ ಹೊತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೆಣ ಬೀಳದೆಯೂ ಎದೆ ನಡುಗಿಸಬಹುದು ಎನ್ನುವುದಕ್ಕೆ ಈ ಹತ್ತಾರು ಪುಟ ಸಾಕು. ಮುಂದೆ ಅಪಾಯ ಏರುತ್ತಾ ಹೋಗುತ್ತದೆ. ದಿನಕ್ಕೊಂದರಂತೆ ಬರುವ ಪತ್ರಗಳಿಂದ ಕಂಗೆಟ್ಟ ಒಬ್ಬ ವಿದ್ಯಾರ್ಥಿನಿ ಪ್ರಾಣ ಕಳೆದುಕೊಳ್ಳಲು ಹೊರಡುತ್ತಾಳೆ. ಹ್ಯಾರಿಯೆಟ್‌ಳ ಕತ್ತಿಗೆ ಕೈ ಬೀಳಬಹುದೆಂದು ಪೀಟರ್ ಅವಳಿಗೆ ದಪ್ಪನೆಯ ನಾಯಿಪಟ್ಟಿ ಕೊಡಿಸಿ, ಹಿಂದಿನಿಂದ ಹಿಡಿದವರಿಂದ ಬಿಡಿಸಿಕೊಳ್ಳುವ ಪಟ್ಟುಗಳನ್ನೂ ಕಲಿಸುತ್ತಾನೆ.

ಪೀಟರ್ ಎಂದರೆ ಲಾರ್ಡ್ ಪೀಟರ್ ವಿಮ್ಸಿ, ಸೇಯರ್ಸ್ ಅವರ ಕಾಯಂ ಪತ್ತೇದಾರ. ಹ್ಯಾರಿಯೆಟ್‌ಳನ್ನು ನೇಣಿನಿಂದ ಉಳಿಸಿದವನು, ಅಂದಿನಿಂದ ಮದುವೆಯಾಗು ಎಂದು ಕೇಳುತ್ತಲೇ ಇರುವವನು. ಪ್ರಾಣ ಉಳಿಸಿದವನ ಋಣದಲ್ಲಿ ಸಂಸಾರ ಮಾಡಲಾರೆ ಎಂದು ಅವಳು ಒಲ್ಲೆ ಎನ್ನುತ್ತಲೇ ಇದ್ದಾಳೆ. ಇವನನ್ನೇ ನೆಚ್ಚಿ ಪುಸ್ತಕ ಹಿಡಿದವರಿಗೆ ಒಂದು ಎಚ್ಚರಿಕೆ: ಪುಸ್ತಕದ ಮೊದಲರ್ಧದಲ್ಲಿ ಅವನು ಹೆಚ್ಚು ಕಾಣಿಸುವುದಿಲ್ಲ. ವಿದೇಶಾಂಗ ಇಲಾಖೆಯ ಕೆಲಸದ ಮೇಲೆ ರೋಮ್, ವಾರ್ಸಾ ಎಂದು ಅಲೆಯುತ್ತಿರುತ್ತಾನೆ. ಆಕ್ಸ್‌ಫರ್ಡಿಗೆ ಬಂದು ನೆಲೆ ನಿಲ್ಲುವುದು ಅರ್ಧ ದಾಟಿದ ಮೇಲೆ. ಈ ಗೈರುಹಾಜರಿ ಬೇಕೆಂದೇ ಮಾಡಿದ್ದು. ಹ್ಯಾರಿಯೆಟ್ ತನ್ನ ಕಾಲ ಮೇಲೆ ನಿಂತು ಎಷ್ಟು ದೂರ ಹೋಗಬಲ್ಲಳು, ಎಲ್ಲಿ ನಿಲ್ಲುತ್ತಾಳೆ, ಏಕೆ ನಿಲ್ಲುತ್ತಾಳೆ ಎಂದು ತೋರಿಸದೆ ಅವನನ್ನು ಕರೆತಂದಿದ್ದರೆ ಪುಸ್ತಕ ಬಿದ್ದುಹೋಗುತ್ತಿತ್ತು.

ಅವನು ಬಂದ ಮೇಲಿನ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಚರ್‌ವೆಲ್ ನದಿಯಲ್ಲಿ ಚಪ್ಪಟೆ ತಳದ ಪಂಟ್ ದೋಣಿ. ಹ್ಯಾರಿಯೆಟ್ ಬರೆದ ಕಡತವನ್ನು ಪೀಟರ್ ಓದುತ್ತಾ ಕೂತಿದ್ದಾನೆ. ಅವನ ಮನಸ್ಸೆಲ್ಲ ಹಾಳೆಯಲ್ಲಿದೆ. ಮಾಡಲು ಕೆಲಸವಿಲ್ಲದ ಹ್ಯಾರಿಯೆಟ್ ಅವನ ಮುಖ ನೋಡುತ್ತಾಳೆ. ಕಿವಿಯ ಆಕಾರ, ದವಡೆಯ ಗೆರೆ, ಕೂದಲು ಬೆಳೆದ ರೀತಿ, ಪ್ರತಿಯೊಂದನ್ನೂ ಮೊದಲ ಸಲ ಎಂಬಂತೆ ಗಮನಿಸುತ್ತಾಳೆ. ಅವನು ತಲೆ ಎತ್ತಿದಾಗ ಅವಳ ಮುಖ ಕೆಂಪಾಗುತ್ತದೆ. ಪ್ರೇಮವೆಂಬ ಮಾತನ್ನು ಇಬ್ಬರೂ ಎತ್ತುವುದಿಲ್ಲ, ಎತ್ತುವ ಅಗತ್ಯವೂ ಇಲ್ಲ. ಅವಳು ಸೋತದ್ದು ಅವನ ಶೌರ್ಯಕ್ಕಲ್ಲ, ತಾನು ದುಡಿದು ಬರೆದ ಕೆಲಸವನ್ನು ಅವನು ಅಷ್ಟು ಮೈಮರೆತು ಓದುತ್ತಿದ್ದಾನೆ ಎನ್ನುವುದಕ್ಕೆ. ಅದೇ ಕಾಗದಗಳ ನಡುವೆ ಅವಳು ಅರ್ಧ ಬರೆದು ಬಿಟ್ಟ ಸಾನೆಟ್ ಕೂಡ ಇರುತ್ತದೆ. ನೆಮ್ಮದಿಯ, ನಿಶ್ಚಲತೆಯ ಬಗ್ಗೆ ಮೊದಲ ಎಂಟು ಸಾಲು ಅವಳದ್ದು. ಕಡತದ ಜೊತೆಗೆ ವಾಪಸು ಬರುವಾಗ ಉಳಿದ ಆರು ಸಾಲು ಪೀಟರ್ ಬರೆದಿದ್ದಾನೆ, ಅರ್ಥವನ್ನು ತಿರುಗಿಸಿ: ಬುಗುರಿ ನೆಟ್ಟಗೆ ನಿಲ್ಲುವುದು ಸುತ್ತುತ್ತಿರುವವರೆಗೆ ಮಾತ್ರ. ಸುಳಿವಿನ ಕಡತ ಮತ್ತು ಪ್ರೇಮದ ಸಂಭಾಷಣೆ ಒಂದೇ ಕಾಗದದ ಕಟ್ಟಿನಲ್ಲಿ ಓಡಾಡುತ್ತವೆ. ಪತ್ತೇದಾರಿ ಕಾದಂಬರಿಯಲ್ಲಿ ಪ್ರೇಮಕಥೆ ತುರುಕಿದರೆ ಎರಡೂ ಕೆಡುತ್ತವೆ ಎಂಬ ಹಳೇ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಇದರ ಪಕ್ಕದಲ್ಲೇ ಇಟ್ಟು ಓದಬೇಕಾದದ್ದು ವಿಲ್‌ಫ್ರಿಡ್‌ನ ಪ್ರಸಂಗ. ಹ್ಯಾರಿಯೆಟ್ ಬರೆಯುತ್ತಿರುವ ಕಾದಂಬರಿಯ ಪಾತ್ರ ಅವನು. ಕಥೆಯ ಲೆಕ್ಕಾಚಾರ ಸರಿಯಾಗಿದೆ, ಆದರೆ ವಿಲ್‌ಫ್ರಿಡ್ ನಡೆದುಕೊಳ್ಳುವ ರೀತಿ ನಂಬುವಂತಿಲ್ಲ. ಪೀಟರ್ ಹೇಳುತ್ತಾನೆ, ಅವನಿಗೆ ಆ ರೀತಿ ನಡೆದುಕೊಳ್ಳಲು ಮನಸ್ಸಿನೊಳಗಿನ ಕಾರಣ ಕೊಡು, ಅವನನ್ನು ಮನುಷ್ಯನನ್ನಾಗಿ ಮಾಡು. ಹಾಗೆ ಮಾಡಿದರೆ ಉಳಿದ ಪಾತ್ರಗಳೆಲ್ಲ ರಟ್ಟಿನ ಬೊಂಬೆಗಳಂತೆ ಕಾಣುತ್ತವೆ, ಬರೆಯುವ ತನಗೂ ನೋವಾಗುತ್ತದೆ ಎನ್ನುತ್ತಾಳೆ ಅವಳು. ನೋವಾದರೆ ಆಗಲಿ, ಪುಸ್ತಕ ಚೆನ್ನಾಗಾಗುತ್ತದಲ್ಲ ಎನ್ನುವ ಧಾಟಿ ಅವನದು. ಸೇಯರ್ಸ್ ತಮ್ಮ ಕಷ್ಟವನ್ನೇ ಇಲ್ಲಿ ಬರೆದಿದ್ದಾರೆ. ಹ್ಯಾರಿಯೆಟ್, ಪೀಟರ್ ಇಬ್ಬರೂ ಮೊದಲು ಎದುರಾಗುವ 1930ರ ಕಾದಂಬರಿ ‘ಸ್ಟ್ರಾಂಗ್ ಪಾಯ್ಸನ್’ ಮುಗಿಯುವಾಗ ಅವರಿಗೆ ಮದುವೆ ಮಾಡಿಬಿಡುವುದು ಸೇಯರ್ಸ್ ಲೆಕ್ಕ. ಆದರೆ ರಟ್ಟಿನ ಪೀಟರ್‌ನನ್ನು ಜೀವಂತ ಹ್ಯಾರಿಯೆಟ್ ಒಪ್ಪುವುದು ಹೇಗೆ? ಪೀಟರ್‌ಗೆ ಮನುಷ್ಯತ್ವ ತುಂಬಲು ಐದು ವರ್ಷ ಹಿಡಿಯಿತು. ಪತ್ತೇದಾರಿ ಬರೆಯುವ ಆಸೆಯಿರುವವರು ವಿಲ್‌ಫ್ರಿಡ್‌ನ ಪುಟಗಳನ್ನು ಗುರುತು ಹಾಕಿಟ್ಟುಕೊಳ್ಳಬೇಕು. ಕಥೆ ನಿಂತುಹೋದಾಗ ಹೊಸ ತಿರುವು ಹುಡುಕುವ ಬದಲು ಪಾತ್ರದ ಕಾರಣ ಹುಡುಕಬೇಕು ಎನ್ನುವ ಪಾಠ ಅಲ್ಲಿ ಕೈಗೆ ಸಿಗುತ್ತದೆ.

ಪುಸ್ತಕದ ಎದೆ ಎಂದರೆ ಸೀನಿಯರ್ ಕಾಮನ್ ರೂಮಿನ ಮಾತುಕತೆ. ಊಟಕ್ಕೆ ಬಂದ ಪೀಟರ್ ಅಧ್ಯಾಪಕಿಯರ ಮುಂದೆ ಒಂದು ಪ್ರಶ್ನೆ ಸರಿಸುತ್ತಾನೆ. ಒಬ್ಬ ವಿದ್ವಾಂಸ ತನ್ನ ವಾದಕ್ಕೆ ವಿರುದ್ಧವಾದ ಸತ್ಯವನ್ನು ಗೊತ್ತಿದ್ದೂ ಮುಚ್ಚಿಟ್ಟರೆ, ಅದನ್ನು ಬಯಲು ಮಾಡಬೇಕೇ? ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ಕೆಲಸ ಹೋದರೆ ಅವರು ಬೀದಿಪಾಲು ಎಂದಾದರೂ ಬಯಲು ಮಾಡಬೇಕೇ? ಸಿ. ಪಿ. ಸ್ನೋ ಅವರ ‘ದಿ ಸರ್ಚ್’ ಎಂಬ ಕಾದಂಬರಿಯ ಹೆಸರೂ ಪುಸ್ತಕದಲ್ಲಿ ಬರುತ್ತದೆ. ಅದು ನಿಜವಾಗಿಯೂ ಇರುವ ಪುಸ್ತಕ, 1934ರದು, ವಿಜ್ಞಾನಿಗಳ ಲೋಕದ ಇಂಥದೇ ಸಮಸ್ಯೆಯನ್ನು ಹೇಳುವಂಥದು. ಒಬ್ಬೊಬ್ಬ ಅಧ್ಯಾಪಕಿಯೂ ಒಂದೊಂದು ಉತ್ತರ ಕೊಡುತ್ತಾಳೆ. ಹರಟೆಯಂತೆ ಕಾಣುವ ಈ ಪುಟಗಳಲ್ಲಿ ಒಂದು ಸಾಲೂ ಪೊಳ್ಳಲ್ಲ. ಯಾರು ಏನು ಹೇಳಿದರು, ಯಾರು ತಕ್ಷಣ ಹೇಳಿದರು, ಯಾರು ತಡವರಿಸಿದರು, ಆ ಹೊತ್ತಿಗೆ ಕೋಣೆಯೊಳಗೆ ಯಾರು ಯಾರಿದ್ದರು, ಇಷ್ಟನ್ನೂ ಗಮನಿಸಿ. ಪುಸ್ತಕ ಮುಗಿಸಿದ ಮೇಲೆ ಇದೊಂದು ಅಧ್ಯಾಯಕ್ಕೆ ವಾಪಸು ಬಂದು ಓದಿದರೆ ಸೇಯರ್ಸ್ ಎಷ್ಟು ಧೈರ್ಯದಿಂದ ಎಲ್ಲವನ್ನೂ ಮೇಜಿನ ಮೇಲೆ ಇಟ್ಟಿದ್ದರು ಎಂದು ತಿಳಿಯುತ್ತದೆ.

ಪ್ರಶ್ನೆಗೆ ಉತ್ತರವನ್ನೂ ಅವರು ಅಗ್ಗ ಮಾಡಿಲ್ಲ. ಬುದ್ಧಿಯ ಪ್ರಾಮಾಣಿಕತೆಯೇ ಈ ಕಾದಂಬರಿಯ ವಸ್ತು ಎಂದು ಅವರೇ 1937ರಲ್ಲಿ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಕೆಲಸಕ್ಕೆ ನಿಷ್ಠೆ ದೊಡ್ಡದೋ, ಪ್ರೀತಿಸಿದವರಿಗೆ ನಿಷ್ಠೆ ದೊಡ್ಡದೋ ಎಂದರೆ ಸೇಯರ್ಸ್ ನಿಲ್ಲುವ ಪಕ್ಷ ಸ್ಪಷ್ಟ. ಆದರೂ ಕೊನೆಯಲ್ಲಿ ಎಲ್ಲರೂ ಸೇರಿದ ಕೋಣೆಯಲ್ಲಿ ಅಪರಾಧಿ ಬಾಯಿ ಬಿಟ್ಟಾಗ ಎದುರು ಪಕ್ಷದ ವಾದವೂ ಅದರ ಪೂರ್ಣ ಕಸುವಿನೊಂದಿಗೆ ಕೇಳುತ್ತದೆ. ಅಧ್ಯಾಪಕಿಯರ ಬಳಿ ಅದಕ್ಕೆ ಸಲೀಸಾದ ಉತ್ತರವಿಲ್ಲ. ಆ ಮಾತುಗಳು ಕಿವಿಯಲ್ಲಿ ಬಹಳ ದಿನ ಉಳಿಯುತ್ತವೆ.

ಈಗ ದೋಷಗಳು. ಮೊದಲನೆಯದು, ಅಧ್ಯಾಪಕಿಯರ ಹೆಸರು ನೆನಪಿಟ್ಟುಕೊಳ್ಳುವುದು ನಿಜಕ್ಕೂ ಕಷ್ಟ. ಹತ್ತು ಹನ್ನೆರಡು ಮಂದಿ, ಎಲ್ಲರೂ ‘ಮಿಸ್’. ಮಿಸ್ ಶಾ, ಮಿಸ್ ಅಲಿಸನ್, ಮಿಸ್ ಬರೋಸ್ ಕೊನೆಯವರೆಗೂ ಮಬ್ಬಾಗಿಯೇ ಉಳಿಯುತ್ತಾರೆ, ಅವರಿಗೆ ಲೇಖಕಿ ಸಾಕಷ್ಟು ಜೀವ ಕೊಟ್ಟಿಲ್ಲ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಒಂದೊಂದು ಗುರುತು ಬರೆದುಕೊಳ್ಳುವುದು ಲೇಸು: ಡಾ. ಬೇರಿಂಗ್ ಕಾಲೇಜಿನ ಮುಖ್ಯಸ್ಥೆ ವಾರ್ಡನ್. ಮಿಸ್ ಮಾರ್ಟಿನ್ ಲವಲವಿಕೆಯ ಡೀನ್. ಮಿಸ್ ಸ್ಟೀವನ್ಸ್ ಲೆಕ್ಕಪತ್ರದ ಬರ್ಸರ್. ಮಿಸ್ ಲಿಡ್ಗೇಟ್ ಇಂಗ್ಲಿಷ್, ಯಾರ ಬಗ್ಗೆಯೂ ಕೆಟ್ಟದ್ದು ಎಣಿಸದವರು, ಕರಡಚ್ಚು ತಿದ್ದುವುದನ್ನು ಎಂದೂ ನಿಲ್ಲಿಸದವರು. ಮಿಸ್ ಹಿಲ್ಯಾರ್ಡ್ ಇತಿಹಾಸ, ಗಂಡಸರ ಮೇಲೆ ಸಿಟ್ಟು. ಮಿಸ್ ಡಿ ವೈನ್ ಹೊಸದಾಗಿ ಬಂದ ಸಂಶೋಧಕಿ, ಸತ್ಯದ ವಿಷಯದಲ್ಲಿ ರಾಜಿಯಿಲ್ಲ. ಮಿಸ್ ಬಾರ್ಟನ್ ಮಹಿಳೆಯರ ಸ್ಥಾನಮಾನದ ಬಗ್ಗೆ ಪುಸ್ತಕ ಬರೆದವರು. ಮಿಸ್ ಎಡ್ವರ್ಡ್ಸ್ ವಿಜ್ಞಾನ. ಇವರ ಜೊತೆ ದ್ವಾರಪಾಲಕ ಪ್ಯಾಜೆಟ್‌ನನ್ನೂ ಸೇರಿಸಿಕೊಳ್ಳಿ. ಯುದ್ಧದಲ್ಲಿ ಪೀಟರ್‌ನ ಕೈಕೆಳಗೆ ಇದ್ದವನು, ಪುಸ್ತಕದ ನಗು ಬಹುಪಾಲು ಅವನ ಗೇಟಿನ ಹತ್ತಿರವೇ.

ಎರಡನೆಯದು ಪೀಟರ್. ಸಂಗೀತ, ಕ್ರಿಕೆಟ್, ಲ್ಯಾಟಿನ್, ರಾಯಭಾರ, ಕುಸ್ತಿಯ ಪಟ್ಟು, ಎಲ್ಲವೂ ಬರುವ ಮನುಷ್ಯನನ್ನು ನಂಬುವುದು ಕಷ್ಟ. ಸೇಯರ್ಸ್ ಅವನಿಗೆ ದಣಿವು, ವಯಸ್ಸು, ಹಿಂಜರಿಕೆ ಎಲ್ಲ ಕೊಟ್ಟು ನೆಲಕ್ಕಿಳಿಸಲು ದುಡಿದಿದ್ದಾರೆ. ಪೂರ್ತಿ ಇಳಿದಿಲ್ಲ. ಕಾದಂಬರಿ ಬಂದಾಗಲೇ ಈ ಬಗ್ಗೆ ಕಟುವಾದ ಟೀಕೆ ಎದ್ದಿತ್ತು. 1937ರಲ್ಲಿ ‘ಸ್ಕ್ರೂಟಿನಿ’ ಪತ್ರಿಕೆಯಲ್ಲಿ ವಿಮರ್ಶಕಿ ಕ್ಯೂ. ಡಿ. ಲೀವಿಸ್, ಸೇಯರ್ಸ್ ಅವರ ವಿದ್ವತ್ತಿನ ವಾತಾವರಣವನ್ನೇ ಹುಸಿ ಎಂದು ಜಾಡಿಸಿದರು. ಆಕ್ಸ್‌ಫರ್ಡನ್ನು ಸೇಯರ್ಸ್ ತುಸು ಹೆಚ್ಚೇ ಆರಾಧಿಸುತ್ತಾರೆ ಎನ್ನುವಷ್ಟರ ಮಟ್ಟಿಗೆ ಆ ಟೀಕೆ ನ್ಯಾಯವೇ. ಅದರಾಚೆಗೆ ಒಪ್ಪುವುದು ಕಷ್ಟ. ಆರಾಧಿಸುವವರು ಈ ಪುಸ್ತಕದಲ್ಲಿ ಬೆಲೆಯನ್ನೂ ತೆರುತ್ತಾರೆ.

ಮೂರನೆಯದು ಕಾಲದ ಕಲೆಗಳು. ವರ್ಗಭೇದ ಅಲ್ಲಲ್ಲಿ ಚುಚ್ಚುತ್ತದೆ. ಗೇಟಿನ ಬಳಿಯ ಒಂದು ಹರಟೆಯಲ್ಲಿ ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬೇಕು’ ಎಂಬ ಮಾತು ಸಲೀಸಾಗಿ ಬರುತ್ತದೆ. ಬರೆದದ್ದು 1935, ಮುಂದೆ ಬರುವುದರ ಅಂದಾಜು ಆ ಪಾತ್ರಕ್ಕಿಲ್ಲ. ಆದರೂ ಈ ಮಾತು ಸುಮ್ಮನೆ ಬಿದ್ದದ್ದಲ್ಲ. ಹೆಣ್ಣು ಮನೆಗೇ ಸೀಮಿತ ಎಂಬ ಹಿಟ್ಲರನ ನಿಲುವು ಓದಿದ ಹೆಂಗಸರ ಕಾಲೇಜಿನ ಗೇಟಿನಲ್ಲೇ ಮೆಚ್ಚುಗೆ ಪಡೆಯುತ್ತಿದೆ ಎಂದು ತೋರಿಸುವುದು ಲೇಖಕಿಯ ಉದ್ದೇಶ.

ಭಾಷೆಯ ತೊಡಕೂ ಇದೆ. ಪ್ರತಿ ಅಧ್ಯಾಯದ ತಲೆಯಲ್ಲಿ ಹಳೆಯ ಇಂಗ್ಲಿಷ್ ಲೇಖಕರ, ಹೆಚ್ಚಾಗಿ ಹದಿನಾರು ಹದಿನೇಳನೇ ಶತಮಾನದವರ, ಉಲ್ಲೇಖಗಳಿವೆ. ಮೊದಲ ಓದಿಗೆ ಅವನ್ನು ಬಿಟ್ಟರೂ ಕಥೆಗೆ ನಷ್ಟವಿಲ್ಲ. ಬೊಂಬೆಯ ಜೊತೆಗಿನ ಲ್ಯಾಟಿನ್ ಸಾಲುಗಳಿಗೆ ಮೂಲದಲ್ಲಿ ಅನುವಾದ ಇಲ್ಲ, ಅವನ್ನು ಹುಡುಕಿ ಓದಿ. ‘ಈನಿಯಡ್’ನ ಮೂರನೇ ಕಾಂಡದಲ್ಲಿವೆ. ಕೊನೆಯ ಪುಟದಲ್ಲೂ ಒಂದು ಸಣ್ಣ ಲ್ಯಾಟಿನ್ ಪ್ರಶ್ನೋತ್ತರವಿದೆ, ಆಕ್ಸ್‌ಫರ್ಡಿನ ಪದವಿ ಪ್ರದಾನದ ರೂಢಿಯ ಮಾತು ಅದು. ಅಲ್ಲಿಗೆ ಬರುವ ಮೊದಲು ಅದರ ಅರ್ಥ ಹುಡುಕಲು ಹೋಗಬೇಡಿ, ಕಥೆಯ ಅಂತ್ಯ ತಿಳಿದುಬಿಡುತ್ತದೆ. ಆಕ್ಸ್‌ಫರ್ಡಿನ ವರ್ಷದಲ್ಲಿ ಮೂರು ಅವಧಿ: ಶರತ್ಕಾಲದ ಮೈಕೆಲ್‌ಮಸ್, ಚಳಿಗಾಲದ ಹಿಲರಿ, ಬೇಸಿಗೆಯ ಟ್ರಿನಿಟಿ, ಒಂದೊಂದಕ್ಕೂ ಎಂಟು ವಾರ. ಘಟನೆಗಳು ಒಂದು ಬೇಸಿಗೆಯ ಕೂಟದಿಂದ ಮರುವರ್ಷದ ಬೇಸಿಗೆ ಅವಧಿಯವರೆಗೆ ಹಬ್ಬಿರುವುದರಿಂದ ಈ ಹೆಸರುಗಳು ಗೊತ್ತಿದ್ದರೆ ಕಡತದ ದಿನಾಂಕಗಳು ಗೊಂದಲವಾಗುವುದಿಲ್ಲ.

ಬೀಗ, ಕೀಲಿ, ನಕ್ಷೆ, ನಿಮಿಷದ ಲೆಕ್ಕವೇ ಬೇಕು ಎನ್ನುವವರಿಗೆ ಮೈಕೆಲ್ ಇನ್ಸ್ ಅವರ 1936ರ ‘ಡೆತ್ ಅಟ್ ದಿ ಪ್ರೆಸಿಡೆಂಟ್ಸ್ ಲಾಡ್ಜಿಂಗ್’ ಹೆಚ್ಚು ಹಿಡಿಸುತ್ತದೆ. ಅಲ್ಲಿ ಕಾಲೇಜಿನ ಮುಖ್ಯಸ್ಥನೇ ಗುಂಡೇಟಿಗೆ ಬಲಿ. ತೋಟದ ಬಾಗಿಲ ಕೀಲಿ ಯಾರ ಬಳಿ ಇದೆ ಎನ್ನುವುದರ ಮೇಲೆ ಇಡೀ ಒಗಟು ನಿಂತಿದೆ. ಬುದ್ಧಿಯ ಆಟವಾಗಿ ಅದು ಇದಕ್ಕಿಂತ ಜಟಿಲ, ಪಾತ್ರಗಳು ಮಾತ್ರ ಆಟದ ಕಾಯಿಗಳೇ. ಜೆ. ಸಿ. ಮಾಸ್ಟರ್‌ಮನ್ ಅವರ 1933ರ ‘ಆನ್ ಆಕ್ಸ್‌ಫರ್ಡ್ ಟ್ರಾಜಿಡಿ’ ಗಂಡಸರ ಕಾಮನ್ ರೂಮಿನ ಕಥೆ. ಕೊಲೆಯಾದ ಮೇಲೆ ಹಳೇ ಸ್ನೇಹಿತರು ಒಬ್ಬರನ್ನೊಬ್ಬರು ನೋಡುವ ರೀತಿ ಹೇಗೆ ಬದಲಾಗುತ್ತದೆ ಎನ್ನುವುದನ್ನು ಅದು ಚೆನ್ನಾಗಿ ಹಿಡಿದಿದೆ. ಎರಡೂ ಗಾತ್ರದಲ್ಲಿ ಇದಕ್ಕಿಂತ ಚಿಕ್ಕವು.

ಓದುವ ಕ್ರಮ ಮುಖ್ಯ. ‘ಸ್ಟ್ರಾಂಗ್ ಪಾಯ್ಸನ್’ ಓದದೆ ಇದಕ್ಕೆ ಕೈ ಹಾಕಬೇಡಿ. ಹ್ಯಾರಿಯೆಟ್‌ಳ ಮೇಲಿನ ವಿಚಾರಣೆ, ಪೀಟರ್ ಮೇಲಿನ ಋಣ, ಎರಡೂ ಅದರಲ್ಲಿವೆ. ಅದಿಲ್ಲದಿದ್ದರೆ ಅವಳ ನಿರಾಕರಣೆ ಬರೀ ಹಟ ಎನಿಸುತ್ತದೆ. 1932ರ ‘ಹ್ಯಾವ್ ಹಿಸ್ ಕಾರ್ಕಸ್’ ಪುರುಸೊತ್ತಿದ್ದರೆ ಓದಬಹುದು, ಬಿಟ್ಟರೂ ನಡೆಯುತ್ತದೆ. ಪ್ರತಿ ಕೊಳ್ಳುವಾಗ ಹೊಸ ಮುದ್ರಣಗಳ ಮುನ್ನುಡಿಯನ್ನು ಕೊನೆಗೆ ಓದಿ, ಮುನ್ನುಡಿ ಬರೆಯುವವರು ಅಪರಾಧಿಯ ಉದ್ದೇಶದ ಬಗ್ಗೆ ಮಾತಾಡದೆ ಇರುವುದು ಅಪರೂಪ. 1987ರಲ್ಲಿ ಬಿಬಿಸಿ ಇದನ್ನು ಮೂರು ಕಂತುಗಳ ಟಿವಿ ನಾಟಕ ಮಾಡಿತು, ಹ್ಯಾರಿಯೆಟ್ ಆಗಿ ಹ್ಯಾರಿಯೆಟ್ ವಾಲ್ಟರ್, ಪೀಟರ್ ಆಗಿ ಎಡ್ವರ್ಡ್ ಪೆದರ್‌ಬ್ರಿಜ್. ಇಬ್ಬರ ಅಭಿನಯವೂ ಸೊಗಸು. ಆದರೆ ಕಾಮನ್ ರೂಮಿನ ವಾದವನ್ನು ಮೂರು ಕಂತಿಗೆ ಇಳಿಸಿದಾಗ ಅಪರಾಧದ ಬೇರು ಸಣ್ಣದಾಗಿಬಿಡುತ್ತದೆ, ಪುಸ್ತಕ ಮುಗಿಸಿದ ಮೇಲೆ ನೋಡುವುದೇ ಸರಿ. ಈ ಇಬ್ಬರ ಮುಂದಿನ ಕಥೆ 1937ರ ‘ಬಸ್‌ಮನ್ಸ್ ಹನಿಮೂನ್’ನಲ್ಲಿದೆ. ಅದರಲ್ಲಿ ಹೆಣವೂ ಇದೆ, ಪೊಲೀಸರೂ ಇದ್ದಾರೆ.